ನನ್ನ ಪಾಲಿನ ನೂರು ರೂಪಾಯಿ

ಚನ್ನಗಿರಿಯ ನಮ್ಮ ಕಚೇರಿಯ ನಾವು ನಾಲ್ವರು ಆರು ವರ್ಷ ಹೋಟೆಲಿನ ಒಂದೇ ಟೇಬಲ್ಲಿಗೆ ಕೂತು ಉಂಡವರು. ಒಬ್ಬರು ಹೊನ್ನಾಳಿಯವರು, ಒಬ್ಬರು ನ್ಯಾಮತಿಯವರು, ಇನ್ನೊಬ್ಬರು ನಲ್ಲೂರಿನ ಅಡಿಕೆ ವ್ಯಾಪಾರಸ್ಥರ ಮನೆಯವರು. ನಾನು ಜಗಳೂರು ಕಡೆಯವನು. ಯಾವ ಕೇರಿಯವನು ಅಂತ ಯಾರೂ ಕೇಳಿರಲಿಲ್ಲ. ಸರ್ವಿಸ್ ರಿಜಿಸ್ಟರಿನಲ್ಲೇ ಬರೆದಿರುವಾಗ ಬಾಯಿಬಿಟ್ಟು ಕೇಳುವ ದರ್ದಾದರೂ ಏನಿತ್ತು?

ಮೊದಮೊದಲು ಬಿಲ್ಲು ಬಂದಾಗ ಕೌಂಟರಿನ ಮುಂದೆ ನಾನು ಕೊಡುತ್ತೇನೆ, ತಾನು ಕೊಡುತ್ತೇನೆ ಎಂದು ಕೈಹಿಡಿದು ಎಳೆದಾಡುತ್ತಿದ್ದೆವು. ಆ ಎಳೆದಾಟದಲ್ಲಿ ಗೆದ್ದು ದುಡ್ಡು ಕಳೆದುಕೊಳ್ಳುತ್ತಿದ್ದವನು ಹೆಚ್ಚಾಗಿ ನಾನೇ. ಕೊನೆಗೆ ಹೊನ್ನಾಳಿಯವರು ಒಂದು ಕಟ್ಟಳೆ ಮಾಡಿದರು. ಯಾರು ಏನೇ ತಿನ್ನಲಿ, ಬಿಲ್ಲು ನಾಲ್ಕು ಪಾಲು. ಸಪ್ಲೈಯರ್‌ಗೆ ಇಡುವ ಇಪ್ಪತ್ತು ರೂಪಾಯಿ ಟಿಪ್ಸೂ ನಾಲ್ಕು ಪಾಲು. ಅವರೇ ಹಣ ಕಟ್ಟಿ, ಬಿಲ್ಲಿನ ಫೋಟೊವನ್ನು ನಮ್ಮ ನಾಲ್ವರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ತಲಾ ಇಷ್ಟು ಎಂದು ಬರೆಯುತ್ತಿದ್ದರು. ನಾವು ಅಲ್ಲೇ ಫೋನಿನಲ್ಲಿ ಹಾಕಿಬಿಡುತ್ತಿದ್ದೆವು. ನಾಲ್ಕರಲ್ಲಿ ಒಂದು ಪಾಲು ನನ್ನದು ಅನ್ನುವುದೇ ನನಗೆ ದೊಡ್ಡ ಮಾತಾಗಿತ್ತು. ಪೆದ್ದ ನಾನು.

ಹೋದ ವರ್ಷ ಜಗಳೂರಿನಲ್ಲಿ ಮನೆ ಕಟ್ಟಿಸಿದೆ. ಭಾನುವಾರದ ಗೃಹಪ್ರವೇಶಕ್ಕೆ ಮೂವರೂ ಹೊನ್ನಾಳಿಯವರ ಕಾರಿನಲ್ಲಿ ಬಂದರು. ದುಡ್ಡು ಹಾಕಿಕೊಂಡು ಒಂದು ಬುದ್ಧನ ಮೂರ್ತಿ ತಂದಿದ್ದರು. ಕೋಣೆ ಕೋಣೆ ಹೊಕ್ಕು ಹೊಗಳಿದರು, ಅಡುಗೆಮನೆಯೊಂದನ್ನು ಬಿಟ್ಟು. ಎಲೆ ಹಾಕಿಸಿದೆ ನೋಡಿ, ನ್ಯಾಮತಿಯವರಿಗೆ ಉಪವಾಸ ನೆನಪಾಯಿತು, ನಲ್ಲೂರಿನವರಿಗೆ ಹೊಟ್ಟೆ ಕೆಟ್ಟಿತು. ಹೊನ್ನಾಳಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, ಮನೆಯಲ್ಲೇ ಉಂಡು ಬಂದೆ ಅಂದರು. ನನ್ನ ಹೆಂಡತಿ ಹೋಳಿಗೆಯ ತಟ್ಟೆ ಹಿಡಿದು ನಿಂತೇ ಇದ್ದಳು. ಬಿಳಿಚೋಡಿನಿಂದ ಬಂದಿದ್ದ ಅವ್ವ, ಮಜ್ಜಿಗೆಯನ್ನಾದರೂ ಕುಡಿಯಿರಿ ಎಂದು ಬೇಡಿಕೊಂಡಳು. ಕಾರಿನಲ್ಲಿ ಬಾಟಲಿ ನೀರಿದೆ ಎಂದು ನಕ್ಕು ಹೊರಟರು.

ಗಂಟೆ ಕಳೆದಿರಲಿಲ್ಲ, ಫೋನು ಸದ್ದು ಮಾಡಿತು. ದಾವಣಗೆರೆ ದಾರಿಯ ಹೋಟೆಲೊಂದರ ಬಿಲ್ಲು. ಮೂರು ಊಟ, ನೀರು, ಮುನ್ನೂರ ಎಂಬತ್ತು. ಕೆಳಗೆ, ಟಿಪ್ಸ್ ಇಪ್ಪತ್ತು ಸೇರಿ ನಾನೂರು, ತಲಾ ನೂರು. ಆರು ವರ್ಷದ ಅಭ್ಯಾಸ, ಉಂಡವರು ಮೂವರಾದರೂ ಹೊನ್ನಾಳಿಯವರ ಬೆರಳು ನಾಲ್ಕರಿಂದಲೇ ಭಾಗಿಸಿತ್ತು. ಅವರು ಅಳಿಸುವಷ್ಟರಲ್ಲಿ ನಾನು ನೋಡಿಯಾಗಿತ್ತು. ಸಿಟ್ಟಿಗಿಂತ ಮೊದಲು ನನಗೆ ನಾಚಿಕೆಯಾಯಿತು. ಪಕ್ಕದಲ್ಲೇ ಇದ್ದ ಅವ್ವ, ಅವರು ಸುಖವಾಗಿ ಊರು ಮುಟ್ಟಿದರಂತಾ ಎಂದು ಕೇಳಿದಳು. ಹೂಂ ಅಂದೆ. ಹೊನ್ನಾಳಿಯವರಿಗೆ ನೂರು ರೂಪಾಯಿ ಕಳಿಸಿಬಿಟ್ಟೆ.

ಸೋಮವಾರ ಅವರು ನನ್ನ ಟೇಬಲ್ಲಿನ ಹತ್ತಿರ ಬಂದು, ಅತ್ತಿತ್ತ ನೋಡಿ, ನೂರರ ನೋಟು ಮುಂದೆ ಹಿಡಿದರು.

“ತಪ್ಪಾಗಿ ಬಂದೈತೆ, ತಗೊಳ್ರಿ. ನಮ್ಮ ನಮ್ಮಲ್ಲಿ ಲೆಕ್ಕ ಸರಿಯಾಗಿರಬೇಕು.”

ಆ ಕೊನೆಯ ಮಾತಿಗೆ ನನ್ನ ಮೈಯೆಲ್ಲ ಉರಿಯಿತು.

“ಇಟ್ಕೊಳ್ರಿ ಸಾರ್,” ಅಂದೆ. “ನಮ್ಮನೇಲಿ ಉಣ್ಣಾಕೆ ಆಗ್ಲಿಲ್ಲ. ನನ್ನ ದುಡ್ಡಾಗೆ ಉಣ್ಣಾಕೆ ಆತಲ್ಲ.”

ಅವರು ನೋಟನ್ನು ಜೇಬಿಗೂ ಹಾಕಲಿಲ್ಲ, ಟೇಬಲ್ಲಿನ ಮೇಲೂ ಇಡಲಿಲ್ಲ. ಹಿಡಿದುಕೊಂಡೇ ನಿಂತರು.