ಗೋಡೆ ಇನ್ನೂ ಹಸಿ

ಮಾಲೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಟರ್ಪೆಂಟೈನ್ ಚೆಲ್ಲಿದ್ದರು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕೊಳ್ಳಲು ಬಂದದ್ದೇನೆಂದು ಮರೆತು ನಿಂತುಬಿಟ್ಟೆ. ನಾನು ಬಣ್ಣದ ಅಣ್ಣ ಎಂದೇ ಕರೆಯುತ್ತಿದ್ದ ಪೇಂಟರು ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದಾರೆ ಅನಿಸಿತು...

ಆಗ ನಾನು ಗಾರೆ ಕೆಲಸದ ತುಂಡು ಗುತ್ತಿಗೆ ಹಿಡಿಯಲು ಶುರು ಮಾಡಿ ಒಂದು ವರ್ಷವೂ ಆಗಿರಲಿಲ್ಲ. ಶ್ರೀನಿವಾಸಪುರದಲ್ಲಿ ಒಂದು ಕಲ್ಯಾಣ ಮಂಟಪ ಏಳುತ್ತಿತ್ತು. ಒಳಗೋಡೆಗಳ ಪ್ಲಾಸ್ಟರಿಂಗ್ ನನ್ನದು, ಅದರ ಮೇಲಿನ ಬಣ್ಣ ಯಲ್ದೂರು ಕಡೆಯ ಈ ಅಣ್ಣನದು. ಕೆಲಸ ಮುಗಿಸಿ, ಅಳತೆ ಬರೆಸಿ, ದುಡ್ಡು ಕೇಳಲು ಹೋದರೆ ದೊಡ್ಡ ಕಂಟ್ರಾಕ್ಟರು ಫೋನಿನಿಂದ ತಲೆ ಎತ್ತದೆ, "ಎಲ್ಲುಂಡಿ" ಎಂದರು. ನಾನು ಟೇಕಲ್ ಕಡೆಯವನು, ನಮ್ಮ ಮನೆಯಲ್ಲಿ ತೆಲುಗಿಲ್ಲ. ಎಲ್ಲಿ ಉಂಡೆ ಎಂದು ವಿಚಾರಿಸುತ್ತಿದ್ದಾರೆ, ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು, "ಬಸ್‌ಸ್ಟ್ಯಾಂಡ್ ಹೋಟ್ಲಲ್ಲೇ ಆಯ್ತು ಸಾರ್" ಎಂದೆ. ಪಕ್ಕದಲ್ಲಿದ್ದ ಬಣ್ಣದ ಅಣ್ಣ ನಗು ತಡೆಯಲಾರದೆ ಎದ್ದು ಹೊರಗೆ ಹೋದರು.

ಎಲ್ಲುಂಡಿ ಎಂದರೆ ತೆಲುಗಿನಲ್ಲಿ ನಾಡಿದ್ದು. ಆ ನಾಡಿದ್ದು ಬರಲೇ ಇಲ್ಲ. ಹೋದಾಗಲೆಲ್ಲ ಅದೇ ಮಾತು. ಎರಡು ಶನಿವಾರದ ಬಟವಾಡೆಯನ್ನು ಹೆಂಡತಿಯ ಓಲೆ ಗಿರವಿ ಇಟ್ಟು ಮಾಡಿದ್ದೆ. ಮೂರನೆಯ ಶನಿವಾರ ಕೂಲಿ ಕೊಡದಿದ್ದರೆ ನನ್ನ ಎಂಟು ಆಳುಗಳೂ ಬೇರೆ ಮೇಸ್ತ್ರಿಯ ಕಡೆ ಹೋಗುವವರಿದ್ದರು. ಅಲ್ಲಿಗೆ ನನ್ನ ಗುತ್ತಿಗೆಯ ಕಥೆ ಮುಗಿದ ಹಾಗೆ. ಇದನ್ನೆಲ್ಲ ಹೇಳಿಕೊಂಡಾಗ ಅಣ್ಣ ಸಮಾಧಾನದ ಮಾತೇನೂ ಆಡಲಿಲ್ಲ.

"ಬಣ್ಣ ಬಿತ್ತು ಅಂದ್ರೆ ನಿನ್ ಕೆಲ್ಸ ಯಾರ್ ಕಣ್ಗೂ ಕಾಣಲ್ಲ ಕಣಪ್ಪಾ. ಕಾಣದಿರೋ ಕೆಲ್ಸಕ್ಕೆ ಯಾವೋನ್ ದುಡ್ಡು ಕೊಡ್ತಾನೆ?" ಎಂದಷ್ಟೇ ಕೇಳಿದರು.

ಮಾರನೆಯ ದಿನ ಕಂಟ್ರಾಕ್ಟರು ಬಂದು ನೋಡಿದರೆ ಬಣ್ಣದ ಡಬ್ಬಗಳ ಮುಚ್ಚಳವನ್ನೇ ತೆಗೆದಿರಲಿಲ್ಲ. ಹತ್ತು ದಿನಕ್ಕೆ ಅಲ್ಲಿ ಮಂಟಪದ ಮಾಲೀಕರ ಮಗಳದೇ ಮದುವೆ. ಅಣ್ಣ ನನ್ನ ಗೋಡೆಗೆ ಅಂಗೈ ಒತ್ತಿ, ಕಿವಿಯನ್ನೂ ಇಟ್ಟು, ಡಾಕ್ಟರ ಹಾಗೆ ತಲೆಯಾಡಿಸಿದರು.

"ಗೋಡೆ ಇನ್ನೂ ಹಸಿ ಐತೆ ಸಾರ್. ಈಗ ಬಳಿದ್ರೆ ಚಕ್ಕೆ ಏಳ್ತದೆ."

"ಯಾವಾಗಯ್ಯಾ ಆರೋದು?"

"ಎಲ್ಲುಂಡಿ."

ಗೋಡೆ ಹಪ್ಪಳದ ಹಾಗೆ ಒಣಗಿತ್ತು. ಆದರೂ ನಾಡಿದ್ದೂ ಅದು ಆರಲಿಲ್ಲ. ಶುಕ್ರವಾರ ಕಂಟ್ರಾಕ್ಟರು ರೇಗಿದಾಗ ಅಣ್ಣ ಮೆಲ್ಲಗೆ, "ಗಾರೆಯೋರ್ ದುಡ್ಡು ಬಂದ್ರೆ ಬೇಗ ಆರ್ತದೇನೋ ಸಾರ್" ಎಂದರು. ಕಂಟ್ರಾಕ್ಟರು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ಫೋನು ತೆಗೆದರು. ಪೂರ್ತಿ ಹಣ ನನ್ನ ಖಾತೆಗೆ ಬಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಅಣ್ಣ ಇನ್ನೊಮ್ಮೆ ಅಂಗೈ ಒತ್ತಿ, "ಈಗ ಆರ್ತು ಸಾರ್" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಶನಿವಾರದ ಬಟವಾಡೆ ನಡೆಯಿತು, ಓಲೆಯೂ ಮನೆಗೆ ಬಂತು.

ಅವರ ದಾರಿಯೇ ನನಗೂ ರೂಢಿಯಾಯಿತು. ಇಟ್ಟಿಗೆ ಕಟ್ಟಿದವನಿಗೆ ದುಡ್ಡು ಬಂದಿಲ್ಲವೆಂದರೆ ನನ್ನ ಆಳುಗಳು ಗಾರೆ ಕಲಸುವುದಿಲ್ಲ. ಗೋಡೆ ಸೊಟ್ಟಗಿದೆ ಎಂದೋ, ನೀರು ಸಾಲದೆಂದೋ ಏನಾದರೊಂದು ನೆಪ. ಬಣ್ಣದವರು ನನಗೂ ಹಾಗೇ ನಿಲ್ಲುತ್ತಾರೆ. ಈಗ ದುಡ್ಡು ಹೊತ್ತಿಗೆ ಸರಿಯಾಗಿ ಬರುತ್ತದೆ, ಶನಿವಾರವೆಂದರೆ ಎದೆ ನಡುಗುವುದಿಲ್ಲ.

ಅಣ್ಣ ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ. ಅವರ ಮನೆಗೆ ಹೋದಾಗ ಅತ್ತಿಗೆ ಕಾಫಿ ಕೊಟ್ಟು, "ಆ ಮಂಟಪದ್ ದುಡ್ಡು ಕೊನೇಗೂ ಬರ್ಲೇ ಇಲ್ಲಪ್ಪಾ" ಎಂದರು, ದೂರುವ ದನಿಯಲ್ಲೇನೂ ಅಲ್ಲ. ಕಟ್ಟಡದಲ್ಲಿ ಬಣ್ಣವೇ ಕಡೆಯ ಕೆಲಸ. ಇನ್ನೂ ಹಸಿ ಎನ್ನಲು ಅವರ ಕೆಲಸದ ನಂತರ ಬರುವವರು ಯಾರೂ ಇರಲಿಲ್ಲ... ಇವತ್ತಿಗೂ ನನಗೆ ನಾಚಿಕೆಯಾಗುವುದು ಒಂದಕ್ಕೇ. "ನಿಮಗೆ ಬಂತಾ ಅಣ್ಣಾ" ಎಂದು ನಾನು ಒಂದು ಸಲವೂ ಕೇಳಲಿಲ್ಲ.