ಚಾಣದ ಉಗುರಿಗೆ ಮೆತ್ತಿದ ಮಸಿ

ಬೆಳಗಿನ ಆರೂಕಾಲು. ವನಗೂರಿನ ಮೇಲಿನ ಹುಲ್ಲುಗುಡ್ಡದಲ್ಲಿ ಹುಲಿಯಮ್ಮ ಬಂಡೆಯ ಹಿಂದೆ ಬೋರಲು ಮಲಗಿದ್ದಾರೆ. ಕಣ್ಣಿಗೆ ಬೈನಾಕ್ಯುಲರ್. ಐವತ್ತು ಹೆಜ್ಜೆ ದೂರದ ಬೇಲಿಗೂಟದ ಮೇಲೆ ಪಾರಿವಾಳದ ಗಾತ್ರದ ಬೇಟೆಹಕ್ಕಿಯೊಂದು ಕೂತಿದೆ. ಅವರು ನೋಡುತ್ತಿರುವುದು ಅದರ ಕಾಲುಗುರನ್ನು ಮಾತ್ರ.

ಚಳಿಗಾಲದಲ್ಲಿ ಇಲ್ಲಿಗೆ ಬರುವ ಸಾಮಾನ್ಯ ಚಾಣದ ಉಗುರು ಕಪ್ಪು. ಅದರ ದಾಯಾದಿ, ಅಪರೂಪದ ಕಿರುಚಾಣದ್ದು ಬಿಳಿ. ಗಂಡಾದರೆ ಬೆನ್ನು ನೋಡಿಯೇ ಹೇಳಬಹುದು. ಕಿರುಚಾಣದ ಗಂಡಿಗೆ ಬೆನ್ನಿನ ಕರಿಚುಕ್ಕೆಗಳಿಲ್ಲ. ಹೆಣ್ಣುಗಳು ಮಾತ್ರ ಒಂದನ್ನೊಂದು ಹೋಲುತ್ತವೆ. ಅಲ್ಲಿ ಉಗುರೇ ಗತಿ.

ಕೂತಿರುವುದು ಹೆಣ್ಣು. ಹೋದ ವಾರ ಯಾರೋ ಗುಡ್ಡಕ್ಕೆ ಬೆಂಕಿ ಹಾಕಿದ್ದಾರೆ. ಹಕ್ಕಿ ಆ ಬೂದಿಯಲ್ಲೇ ಮಿಡತೆ ಹಿಡಿದು ಬಂದು ಕೂತಿದೆ.

"ಉಗುರೇ ಕರ್ರಗೈತೋ, ಮಸಿ ಮೆತ್ಕಂಡೈತೋ, ಹೆಂಗ್ ಹೇಳಾದು?" ಹುಲಿಯಮ್ಮ ಪಕ್ಕದ ಜೊತೆಗಾರ್ತಿಗೆ ಪಿಸುಗುಟ್ಟುತ್ತಾರೆ. "ನಾಳಿನ ಚಿಂತೇಲಿ ಮೂರು ದಿನದಿಂದ ಅನ್ನ ಸೇರ್ತಿಲ್ಲ."

ಇಪ್ಪತ್ತಾರು ವರ್ಷ ಎಸ್ಟೇಟಿನ ಲೈನ್‌ಮನೆಯಲ್ಲಿದ್ದು ಕಾಫಿ ಕುಯ್ದವರು ಹುಲಿಯಮ್ಮ. ಈಗ ಐವತ್ತೊಂದರ ಪ್ರಾಯದಲ್ಲಿ ಈ ಗುಡ್ಡದ ಕಾವಲು. ಊದಿದ ಮಂಡಿಯಲ್ಲೇ ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತಾರೆ. ಹಕ್ಕಿ ಸಮೀಕ್ಷೆಯವರು ಕೊಟ್ಟ ಪುಸ್ತಕದಲ್ಲಿ ಅಕ್ಟೋಬರಿನಿಂದ ನೂರಾ ಮೂವತ್ತೆರಡು ಸಲ ಚಾಣ ಬರೆದಿದ್ದಾರೆ. ಎಲ್ಲವೂ ಸಾಮಾನ್ಯ ಚಾಣವೇ.

ನಾಳೆ ಸಮೀಕ್ಷೆಯವರು ಬರುತ್ತಾರೆ. ಒಂದಾದರೂ ಕಿರುಚಾಣ ಖಚಿತವಾದರೆ ಕಾವಲು ಮಳೆಗಾಲದವರೆಗೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯುತ್ತದೆ. ಆಮೇಲೆ ಬೆಂಕಿ ಬಿದ್ದರೆ ಕೂಗಿಕೊಳ್ಳಲೂ ಇಲ್ಲಿ ಯಾರೂ ಇರುವುದಿಲ್ಲ.

ಜೊತೆಯ ಕಾವಲುಗಾರ್ತಿ ಪುಷ್ಪಾಗೆ ಇದು ಅಷ್ಟು ಕಷ್ಟದ ಲೆಕ್ಕವಲ್ಲ. "ಬಿಳಿ ಅಂತ ಬರ್ದ್‌ಬುಡು ಹುಲಿಯಕ್ಕ. ಹಕ್ಕಿ ಬಂದು ಸಾಕ್ಷಿ ಹೇಳ್ತದಾ?"

"ಆಮೇಲೆ ಹಿಂದಿನ ನೂರಾ ಮೂವತ್ತೆರಡ್ನ ಯಾರ್ ನಂಬ್ತಾರೆ ಮಾರಾಯ್ತಿ, ನಿನ್ ಮುಖ ನೋಡ್ಕಂಡಾ?"

ಪುಷ್ಪಾ ನಗುತ್ತಾರೆ. ಹುಲಿಯಮ್ಮ ನಗುವುದಿಲ್ಲ. ಹಕ್ಕಿ ಒಂದು ಕಾಲೆತ್ತಿ ಕೊಕ್ಕಿನಿಂದ ಕೆದಕಿಕೊಳ್ಳುತ್ತದೆ. ಹುಲಿಯಮ್ಮ ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿ ಹಿಡಿಯುತ್ತಾರೆ. ಬಿಸಿಲು ಇನ್ನೂ ಗೂಟದವರೆಗೆ ಬಂದಿಲ್ಲ, ಉಗುರಿನ ಬಣ್ಣ ತಿಳಿಯುವುದಿಲ್ಲ. ಅಷ್ಟರಲ್ಲಿ ಅದು ಹಾರಿ ಕಣಿವೆಗೆ ಇಳಿದುಬಿಡುತ್ತದೆ.

ಹುಲಿಯಮ್ಮ ಪುಸ್ತಕ ತೆಗೆದು, ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾರೆ: 'ಹೆಣ್ಣು ಒಂದು. ಯಾವುದೆಂದು ಗೊತ್ತಾಗಲಿಲ್ಲ.'

ಬರೆದಾದ ಮೇಲೆ ಮೋಡವಿಲ್ಲದ ಆಕಾಶದ ಕಡೆ ನೋಡುತ್ತಾರೆ.

"ಊರೋರೆಲ್ಲ ಹೂಮಳೆ ಕಾಯ್ತವ್ರೆ, ಕಾಫಿ ಅರಳ್ಲಿ ಅಂತ. ನಂಗೆ ಸಂಜೆಯೊಳ್ಗೆ ಒಂದ್ ಹದ ಮಳೆ ಬಿದ್ರೆ ಸಾಕು ಕಣೇ. ಆ ಹಕ್ಕಿ ಕಾಲಿನ ಮಸಿ ತೊಳ್ದೋಗ್ಲಿ."