ಗ್ಯಾರೇಜಿನಲ್ಲಿ ಇಪ್ಪತ್ತೊಂದು ಡಿಗ್ರಿ

ದೋಣಿ ನನ್ನ ಗಂಡನದು. ರಜೆಯಲ್ಲಿ ನೈವಾಶಾ ಸರೋವರದಲ್ಲಿ ಓಡಿಸಲೆಂದು ಕೊಂಡದ್ದು, ನಾಲ್ಕು ಜನ ಕೂರುವ ಫೈಬರ್ ದೋಣಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈರೋಬಿಯಲ್ಲಿ ಮೋಡ, ಚಳಿ. ಆ ತಿಂಗಳುಗಳಲ್ಲಿ ದೋಣಿ ಸ್ಪ್ರಿಂಗ್ ವ್ಯಾಲಿಯ ನಮ್ಮ ಗ್ಯಾರೇಜಿನೊಳಗೆ, ಕಾರು ಹೊರಗೆ. ಆ ವರ್ಷ ದೋಣಿಯ ತಳದ ಬಿರುಕಿಗೆ ರೆಸಿನ್ ಹಚ್ಚಿಸಿದ್ದರು. ಹದಿನೆಂಟು ಡಿಗ್ರಿಯಾದರೂ ಇಲ್ಲದಿದ್ದರೆ ಅದು ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ ಎಂದು ರಿಪೇರಿಯವನು ಹೇಳಿ ಹೋಗಿದ್ದ. ಅದೇ ವಾರ ನಾವು ಭಾವನ ಮಗಳ ಮದುವೆಗೆ ಮೈಸೂರಿಗೆ ಹೊರಡಬೇಕಿತ್ತು.

ನನ್ನ ಗಂಡ ಗೋಡೆಗೆ ಸೆನ್ಸರ್ ಅಂಟಿಸಿದರು. ಅದು ಅಳೆದದ್ದು ಫೋನಿಗೆ ಬರುತ್ತಿತ್ತು. ಕರೆಂಟಿನ ಹೀಟರ್ ಇಟ್ಟರು. ಬಾಗಿಲ ಕೆಳಗಿನ ಸಂದಿಗೆ ಗೋಣಿ ತುರುಕಿಸಿದರು. ಆಮೇಲೆ ಅಸ್ಕಾರಿಯನ್ನು ಕರೆದರು. ಹನ್ನೊಂದು ವರ್ಷದಿಂದ ನಮ್ಮ ಗೇಟು ಕಾಯುತ್ತಿದ್ದ ಮುದುಕ ಆತ. ಹಿರಿಯರನ್ನು ಇಲ್ಲಿ ಕರೆಯುವಂತೆ ನಾವೂ ಮ್ಜೇ ಎನ್ನುತ್ತಿದ್ದೆವು.

"ಮ್ಜೇ, ಬಾರಿದಿ ಹಪಾನಾ." ಚಳಿ ಕೂಡದು.

"ಸವಾ, ಬಾಸ್."

ನಮ್ಮ ಮನೆಯ ಪದ್ಧತಿಯೇ ಅದು. ಏನಾಗಬೇಕೆಂದು ಹೇಳುತ್ತಿದ್ದೆವು; ಹೇಗೆ ಮಾಡುತ್ತೀಯೆಂದು ಕೇಳುತ್ತಿರಲಿಲ್ಲ.

ಮದುವೆ ಮನೆಯಲ್ಲಿ ಗಂಡ ಬಂದವರಿಗೆಲ್ಲ ಫೋನ್ ತೋರಿಸುತ್ತಿದ್ದರು.

"ಏನೋ, ಮದ್ವೆ ನನ್ ಮಗಳದ್ದೋ ನಿನ್ ದೋಣೀದೋ?" ಎಂದರು ಭಾವ.

"ಮಗಳಿಗೆ ನೀನಿದ್ದೀಯಲ್ಲ ಅಣ್ಣ. ದೋಣಿಗೆ ಯಾರಿದ್ದಾರೆ?"

ಮೂರನೆಯ ದಿನ ಸಂಜೆ, ನೈರೋಬಿಯಲ್ಲಿ ಮಧ್ಯಾಹ್ನ ಮೂರು ಗಂಟೆ, ಫೋನಿನಲ್ಲಿ ಹದಿನೈದು ಡಿಗ್ರಿ ಕಂಡಿತು. ಮನೆ ಇನ್ವರ್ಟರ್ ಮೇಲೆ ನಡೆಯುತ್ತಿದೆ ಎಂಬ ಸೂಚನೆಯೂ ಇತ್ತು. ಅಂದರೆ ಕರೆಂಟ್ ಹೋಗಿತ್ತು. ಹೀಟರಿಗೆ ಇನ್ವರ್ಟರ್ ಸಂಪರ್ಕ ಇರಲಿಲ್ಲ. ಗಂಡ ಫೋನ್ ಮಾಡಿ, "ಮ್ಜೇ, ಬಾರಿದಿ!" ಎಂದು ಗದರಿದರು. ಅರ್ಧ ಗಂಟೆಯಲ್ಲಿ ಹದಿನೆಂಟಾಯಿತು. ಆಮೇಲೆ ಇಪ್ಪತ್ತೊಂದು.

"ನೋಡೇ, ಟ್ವೆಂಟಿ ಒನ್! ಮ್ಜೇ ಅಂದ್ರೆ ಮ್ಜೇ."

ಇನ್ವರ್ಟರಿನ ಸೂಚನೆ ಹಾಗೇ ಇತ್ತು. ಕರೆಂಟ್ ಇಲ್ಲದೆ ಬಿಸಿ ಮಾಡಲು ಆತನ ಬಳಿ ಇದ್ದದ್ದು ಒಂದೇ: ಗೇಟಿನ ಪಕ್ಕ ಚಹಾ ಕಾಯಿಸುತ್ತಿದ್ದ ಜಿಕೊ, ಇದ್ದಿಲಿನ ಒಲೆ. ನಾನು ಅರಿವಳಿಕೆ ವೈದ್ಯೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಾನಿಲ ಏನು ಮಾಡುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ರೀ, ಕರೆಂಟೇ ಇಲ್ವಲ್ಲ, ಹೇಗೆ ಏರ್ತಿದೆ?"

"ಏನೋ ಮಾಡಿರ್ತಾನೆ ಬಿಡೇ. ಬೇಗ ಸೀರೆ ಉಟ್ಕೋ, ವರಪೂಜೆಗೆ ಲೇಟಾಗುತ್ತೆ."

ಒಲೆ ಒಳಗಿಟ್ಟು ಆತ ಹೊರಗೆ ಬಂದಿರುತ್ತಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಯಾವ ಕಾರಣವೂ ಇರಲಿಲ್ಲ. ನನ್ನ ಫೋನ್ ಮಂಚದ ಮೇಲೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ನಾನು ನೆರಿಗೆ ಹಿಡಿದೆ. ಒಮ್ಮೆ ಸರಿಬರಲಿಲ್ಲ, ಬಿಚ್ಚಿ ಮತ್ತೆ ಹಿಡಿದೆ.

ಛತ್ರದ ದಾರಿಯಲ್ಲಿ, ಕಾರಿನಿಂದ ಮ್ಜೇಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಪಕ್ಕದ ಮನೆಯ ಅಡುಗೆಯವಳಿಗೆ ಮಾಡಿದೆ. ಅವಳು ಓಡಿಹೋಗಿ ಗ್ಯಾರೇಜು ತೆರೆಸಿದಳು. ಮ್ಜೇ ಒಳಗೇ ಪ್ರಜ್ಞೆ ತಪ್ಪಿದ್ದನಂತೆ; ಕೆಂಡಕ್ಕೆ ಬೀಸಲು ಹಿಡಿದಿದ್ದ ರಟ್ಟು ಕೈಯಲ್ಲಿತ್ತಂತೆ, ಬೆನ್ನು ದೋಣಿಗೆ ಒರಗಿತ್ತಂತೆ. ನನಗೆ ಅರ್ಥವಾದ ಹೊತ್ತಿನಿಂದ ನಾನು ಕರೆ ಮಾಡಿದ ಹೊತ್ತಿನವರೆಗೆ ಐವತ್ತು ನಿಮಿಷ. ಇಪ್ಪತ್ತೊಂದು ಡಿಗ್ರಿಯಾದ ಸಮಯ ಗಂಡನ ಫೋನಿನಲ್ಲಿದೆ, ಕರೆಯ ಸಮಯ ನನ್ನದರಲ್ಲಿ.

ಆತ ಬದುಕಿದ. ಚಮಚ ಹಿಡಿದರೆ ಕೈ ನಡುಗುತ್ತದೆ. ಮಕ್ಕಳ ಹೆಸರು ಕೇಳಿದರೆ ಗೋಡೆ ನೋಡುತ್ತಾನೆ. ರೆಸಿನ್ ಚೆನ್ನಾಗಿ ಗಟ್ಟಿಯಾಗಿತ್ತು. ಗಂಡ ಉಗುರಿನಿಂದ ಗೀರಿ ನೋಡಿ ಹಾಗೆಂದರು.

ನಾವು ಹಿಂತಿರುಗಿದ ಮರುದಿನ ಪಾರ್ಕ್‌ಲ್ಯಾಂಡ್ಸ್‌ನ ಆಸ್ಪತ್ರೆಗೆ ಹೋದೆವು. ಊರಿನಿಂದ ಬಂದಿದ್ದ ಆತನ ಹೆಂಡತಿ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದಳು. ಗಂಡ ಅವಳೆದುರು ನಿಲ್ಲಲಾಗದೆ ಬಿಲ್ಲಿನ ಕಿಟಕಿಯ ಕಡೆ ನಡೆದರು. ಅವಳು ನನಗೆ ಜಾಗ ಬಿಟ್ಟು ಸರಿದು ಕುಳಿತಳು. ನನಗೆ ತಿಳಿಯಲೆಂದು ಸ್ವಾಹಿಲಿಯಲ್ಲಿ ನಿಧಾನವಾಗಿ ಕೇಳಿದಳು: ಒಳಗೆ ಬೆಂಕಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲವೇ, ಡಾಕ್ಟರ್?

ಯಾರಿಗೂ ಗೊತ್ತಿರಲಿಲ್ಲ ಅಮ್ಮಾ, ಎಂದೆ.

"ಅಸಾಂಟೆ," ಎಂದು ಧನ್ಯವಾದ ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು.